ಗಾಣಗಿತ್ತಿ ಬಸದಿಯ ದೀಪಸ್ತಂಭ: ಇರುಗಪ್ಪ ದಂಡನಾಥನೂ ವಿದ್ಯೆಗಳ ಸಮನ್ವಯವೂ

ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ, ವಿಜಯನಗರದ ಹಳೆಯ ಕೋಟೆಯ ಭೀಮನ ಬಾಗಿಲಿಗೆ ಸಮೀಪವಾಗಿ, ಒಂದು ಜಿನಾಲಯವಿದೆ. ಹಂಪೆಯನ್ನು ನೋಡಲು ಬರುವ ಯಾತ್ರಿಕರಲ್ಲಿ ಬಹುಮಂದಿ ವಿರೂಪಾಕ್ಷನ ಗೋಪುರವನ್ನೂ ವಿಠ್ಠಲನ ಗುಡಿಯ ಕಲ್ಲಿನ ರಥವನ್ನೂ ಕಂಡು ಹಿಂದಿರುಗುತ್ತಾರೆ. ಕಂಪ್ಲಿಯ ಕಡೆಗೆ ಸಾಗುವ ಬಸ್ಸುಗಳು ಈ ಬಸದಿಯನ್ನು ಕ್ಷಣಮಾತ್ರದಲ್ಲಿ ದಾಟಿಬಿಡುತ್ತವೆ. ನಿಂತು ನೋಡಿದವರಿಗೆ ಕಾಣುವುದು ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುತ್ತ ಮೇಲೇರುವ ಸರಳವಾದ ಶಿಖರ, ಬಾಗಿಲ ಮೇಲೆ ಧ್ಯಾನಸ್ಥ ಜಿನಬಿಂಬ, ಮುಂದುಗಡೆ ಎತ್ತರವಾದ ಒಂದು ಕಲ್ಲಿನ ದೀಪಸ್ತಂಭ.

ಆ ಸ್ತಂಭದ ಮೇಲೆ 28 ಸಂಸ್ಕೃತ ಶ್ಲೋಕಗಳ ಶಾಸನವುಂಟು. ಮೂಲಸಂಘ, ನಂದಿಸಂಘ, ಬಲಾತ್ಕಾರಗಣ, ಸಾರಸ್ವತಗಚ್ಛದ ಗುರುಪರಂಪರೆಯನ್ನು ಅದು ಕ್ರಮವಾಗಿ ಹೇಳಿ, ಸಿಂಹನಂದಿ ಮುನಿಗಳನ್ನು ಸ್ತುತಿಸಿ, ಹರಿಹರರಾಯನ ಮಂತ್ರಿ ಚೈಚ ದಂಡನಾಥನನ್ನೂ ಅವನ ಮಗ ಇರುಗಪ್ಪನನ್ನೂ ವರ್ಣಿಸುತ್ತದೆ. ಶಕವರ್ಷ 1307ರಲ್ಲಿ, ಅಂದರೆ ಕ್ರಿ.ಶ. 1385-86ರಲ್ಲಿ, ಕರ್ಣಾಟ ದೇಶದ ಕುಂತಲ ವಿಷಯದಲ್ಲಿರುವ ವಿಜಯನಗರದಲ್ಲಿ ಈ ಇರುಗಪ್ಪನು ಕುಂಥು ಜಿನನಾಥನ ಚೈತ್ಯಾಲಯವನ್ನು ಶಿಲೆಯಿಂದ ಕಟ್ಟಿಸಿದನೆಂಬುದು ಅದರ ಮುಖ್ಯ ವಿಷಯ. ಹದಿನೇಳನೆಯ ತೀರ್ಥಂಕರನಾದ ಕುಂಥುನಾಥನು ತೀರ್ಥಂಕರನಾಗುವ ಮುನ್ನ ಷಟ್‌ಖಂಡವನ್ನಾಳಿದ ಚಕ್ರವರ್ತಿಯೂ ಆಗಿದ್ದನೆಂಬುದನ್ನು ಶ್ರಾವಕರು ಬಲ್ಲರು. ಒಂದೇ ಜೀವನದಲ್ಲಿ ಹಲವು ಪದವಿಗಳನ್ನು ಹೊತ್ತ ಜಿನನ ಬಸದಿಯನ್ನು ಹಲವು ವಿದ್ಯೆಗಳಲ್ಲಿ ನುರಿತ ಒಬ್ಬ ಗೃಹಸ್ಥನು ಕಟ್ಟಿಸಿದನೆಂಬುದು ಸ್ಮರಣೀಯವಾಗಿದೆ.

ಇರುಗಪ್ಪನು ದಂಡನಾಯಕ, ರಾಜ್ಯದ ಮಂತ್ರಿ, ಬಸದಿಗಳನ್ನು ಕಟ್ಟಿಸಿದ ಧರ್ಮಿಷ್ಠ. ಇವುಗಳ ಜೊತೆಗೆ ‘ನಾನಾರ್ಥ ರತ್ನಮಾಲಾ’ ಎಂಬ ಸಂಸ್ಕೃತ ನಿಘಂಟಿನ ಕರ್ತೃವೂ ಇವನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕತ್ತಿಯನ್ನು ಹಿಡಿದ ಕೈ ಲೇಖನಿಯನ್ನೂ ಹಿಡಿಯಿತು. ಇಂತಹ ವ್ಯಕ್ತಿಯನ್ನು ರೂಪಿಸಿದ ಶಿಕ್ಷಣ ಎಂತಹುದು, ಅವನ ಸುತ್ತಲಿನ ಸಮಾಜ ಎಂತಹುದು ಎಂಬುದನ್ನು ವಿಚಾರಿಸುವುದು ಇತಿಹಾಸಾಸಕ್ತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮಕ್ಕಳನ್ನು ಹತ್ತನೆಯ ತರಗತಿಯ ಅಂಕಗಳಿಂದಲೇ ವಿಜ್ಞಾನ, ವಾಣಿಜ್ಯ, ಕಲೆ ಎಂದು ಮೂರು ಗುಂಪು ಮಾಡಿ, ಒಂದರ ಬಾಗಿಲು ತೆರೆದೊಡನೆ ಉಳಿದೆರಡನ್ನು ಮುಚ್ಚಿಬಿಡುವ ಕಾಲದಲ್ಲಿ, ಈ ವಿಚಾರ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದಾಗಿದೆ.

ಕಂಪಿಲಿಯ ಶಿಲ್ಪಪರಂಪರೆ

ವಿಜಯನಗರವು ಬರಿಯ ಬಂಡೆಗಳ ನಡುವೆ ಒಮ್ಮೆಲೇ ಎದ್ದುನಿಂತ ಪಟ್ಟಣವಲ್ಲ. ಅದಕ್ಕೆ ಮುನ್ನ ತುಂಗಭದ್ರೆಯ ದಂಡೆಯ ಕಂಪಿಲಿ, ಅಂದರೆ ಇಂದಿನ ಕಂಪ್ಲಿ, ಹೆಸರಾಂತ ಸ್ಥಳವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಚಾಲುಕ್ಯರ ಅರಮನೆಯಿದ್ದು, ಚೋಳರ ದಾಳಿಯಲ್ಲಿ ನಾಶವಾಯಿತೆಂದು ಚೋಳ ಶಾಸನಗಳು ಹೇಳುತ್ತವೆ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲದೇವನು ಈ ಸೀಮೆಯನ್ನು ಆಳುತ್ತಿದ್ದನು. ಅವನ ಮಗನೇ ಜನಪದರ ನಾಲಗೆಯಲ್ಲಿ ಇಂದಿಗೂ ಉಳಿದಿರುವ ಕುಮಾರರಾಮ. ಆಶ್ರಯ ಬೇಡಿ ಬಂದ ಬಹಾವುದ್ದೀನ್ ಗುರ್ಶಾಸ್ಪನನ್ನು ದಿಲ್ಲಿಯ ಸುಲ್ತಾನನಿಗೆ ಒಪ್ಪಿಸಲೊಲ್ಲದೆ ಕಂಪಿಲದೇವನು ಹೋರಾಡಿ ಮಡಿದನು. 1327ರಲ್ಲಿ ರಾಜ್ಯವೇ ಅಳಿಯಿತು. ಶರಣಾಗತನಿಗೆ ಅಭಯವನ್ನಿತ್ತು ಸರ್ವಸ್ವವನ್ನೂ ತೆತ್ತ ಈ ಪ್ರಸಂಗ, ಅಭಯದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸುವ ಸಮಾಜಕ್ಕೆ ಆಪ್ತವಾಗತಕ್ಕದ್ದು.

ಹಂಪೆಯ ಹೇಮಕೂಟದ ಮೇಲೆ ಇದೇ ಕಂಪಿಲದೇವನು ತನ್ನ ತಂದೆಯೇ ಮೊದಲಾದವರ ನೆನಪಿಗಾಗಿ ಕಟ್ಟಿಸಿದ ತ್ರಿಕೂಟ ಶಿವಾಲಯವಿದೆ. ಅದರ ಶಿಖರವೂ ಮೆಟ್ಟಿಲುಮೆಟ್ಟಿಲಾಗಿಯೇ ಏರುತ್ತದೆ. ಹೇಮಕೂಟದ ಗುಡಿಗಳ ಈ ಶಿಖರಗಳನ್ನು ಕಂಡು ಹಿಂದಿನ ಕೆಲವು ಸಂಶೋಧಕರು ಅವೆಲ್ಲವನ್ನೂ ಜೈನ ಬಸದಿಗಳೆಂದೇ ಬರೆದಿದ್ದರು. ಶಾಸನಗಳನ್ನು ಓದಿದಾಗ ಅವು ಶಿವಾಲಯಗಳೆಂದು ತಿಳಿದುಬಂತು. ಆದರೆ ಆ ತಪ್ಪಿನಲ್ಲಿಯೂ ಒಂದು ಸತ್ಯವಿತ್ತು. ಶೈವ ಅರಸನ ಗುಡಿಗೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲದ ಅನಂತರ ಕಟ್ಟಿದ ಜೈನ ಮಂತ್ರಿಯ ಬಸದಿಗೂ ಶಿಖರದ ರೂಪ ಒಂದೇ ಪರಂಪರೆಯದು. ಒಳಗೆ ಪ್ರತಿಷ್ಠಾಪಿತವಾದ ದೇವರು ಬೇರೆಯಾದರೂ ಉಳಿ, ಸೂತ್ರ, ಅಳತೆಗೋಲು ಬೇರೆಯಾಗಲಿಲ್ಲ. ಕಲೆಗಾರನು ತನ್ನ ವಿದ್ಯೆಯನ್ನು ಮತಕ್ಕೆ ಮೀಸಲಾಗಿಡಲಿಲ್ಲ. ಕಟ್ಟಿಸಿದವನೂ ಅನ್ಯರ ರೂಪವೆಂದು ಅದನ್ನು ನಿರಾಕರಿಸಲಿಲ್ಲ.

ದಂಡನಾಥನ ನಿಘಂಟು

ಒಂದೇ ಶಬ್ದಕ್ಕಿರುವ ಹಲವು ಅರ್ಥಗಳನ್ನು ಸಂಗ್ರಹಿಸುವ ಕೋಶಕ್ಕೆ ನಾನಾರ್ಥ ಕೋಶವೆಂದು ಹೆಸರು. ‘ಹರಿ’ ಎಂಬ ಶಬ್ದವನ್ನು ಕೇಳಿದಾಗ ವಿಷ್ಣುಭಕ್ತನಿಗೆ ವಿಷ್ಣುವೂ, ಬೇಟೆಗಾರನಿಗೆ ಸಿಂಹವೂ, ಸವಾರನಿಗೆ ಕುದುರೆಯೂ ನೆನಪಾಗಬಹುದು. ಯಾವ ಅರ್ಥವೂ ಸುಳ್ಳಲ್ಲ, ಸಂದರ್ಭವನ್ನರಿತು ಗ್ರಹಿಸಬೇಕು. ಅನೇಕಾಂತವನ್ನು ಬಾಲ್ಯದಿಂದ ಕೇಳಿ ಬೆಳೆದ ಶ್ರಾವಕನೊಬ್ಬನು ಬರೆಯಲು ಆರಿಸಿಕೊಂಡ ಶಾಸ್ತ್ರ ಇಂತಹುದಾಗಿದ್ದುದು ಸಹಜವಾಗಿಯೇ ತೋರುತ್ತದೆ. ದಂಡಿನ ಮುಂದೆ ನಿಂತು ಒಂದೇ ಅರ್ಥದ ಆಜ್ಞೆಗಳನ್ನು ಕೊಡಬೇಕಾದವನು, ಬಿಡುವಿನಲ್ಲಿ ಕುಳಿತು ಶಬ್ದಗಳ ಹಲವು ಮುಖಗಳನ್ನು ಎಣಿಸುತ್ತಿದ್ದನು. ಇದನ್ನು ಕೇವಲ ವಿನೋದವೆಂದು ತಳ್ಳಿಹಾಕುವಂತಿಲ್ಲ. ಮಂತ್ರಿಯಾದವನಿಗೆ ಎದುರಾಳಿಯ ಮಾತಿನ ಎರಡನೆಯ ಅರ್ಥವನ್ನು ಗ್ರಹಿಸುವ ಶಕ್ತಿ ಬೇಕು. ಒಂದು ವಿದ್ಯೆಯಿಂದ ಬೆಳೆದ ಸೂಕ್ಷ್ಮತೆ ಇನ್ನೊಂದು ಕಾರ್ಯದಲ್ಲಿ ಫಲ ಕೊಡುತ್ತದೆ.

ಇರುಗಪ್ಪನ ಅಭಿರುಚಿ ಕನ್ನಡ ನಾಡಿನ ಎಲ್ಲೆಯಲ್ಲಿಯೇ ನಿಲ್ಲಲಿಲ್ಲ. ತಮಿಳು ಸೀಮೆಯ ಜಿನಕಾಂಚಿ, ಅಂದರೆ ತಿರುಪ್ಪರುತ್ತಿಕುನ್ರದ ಬಸದಿಗೆ ಇವನು 1382ರಲ್ಲಿ ಗ್ರಾಮವೊಂದನ್ನು ಬಿಟ್ಟನು. 1387-88ರಲ್ಲಿ, ಗುರು ಪುಷ್ಪಸೇನರ ಪ್ರೇರಣೆಯಿಂದ, ಅಲ್ಲಿಯ ವರ್ಧಮಾನ ಸ್ವಾಮಿಯ ಗುಡಿಯ ಮುಂದೆ ಒಂದು ಮಂಟಪವನ್ನು ಕಟ್ಟಿಸಿದನು. ಅದನ್ನು ಸಂಗೀತ ಮಂಟಪವೆಂದು ಕರೆಯುತ್ತಾರೆ. ಅದರ ಛತ್ತಿನ ವರ್ಣಚಿತ್ರಗಳಿಗಾಗಿ ಇಂದಿಗೂ ಕಲಾಭ್ಯಾಸಿಗಳು ಅಲ್ಲಿಗೆ ಹೋಗುತ್ತಾರೆ. ಗುರು ಪ್ರೇರೇಪಿಸಿದನು, ದಂಡನಾಥ ಧನವಿತ್ತನು, ಶಿಲ್ಪಿ ಕಟ್ಟಿದನು. ಗಾಯನಕ್ಕೂ ಚಿತ್ರಕ್ಕೂ ನೆಲೆ ದೊರೆಯಿತು. ಧರ್ಮಸ್ಥಾನವು ಪೂಜೆಯ ಸ್ಥಳವಾಗಿರುವುದರ ಜೊತೆಗೆ ಕಲೆಗಳು ಒಂದನ್ನೊಂದು ಸಂಧಿಸುವ ಸ್ಥಳವೂ ಆಯಿತು.

ಗಣಿತದಿಂದ ವೈದ್ಯದವರೆಗೆ

ಈ ಸಮನ್ವಯಕ್ಕೆ ಬೇರು ಬಹಳ ಹಿಂದಿನದು. ಆದಿತೀರ್ಥಂಕರ ಋಷಭದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಬೋಧಿಸಿದನೆಂದೂ, ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂದೂ ಪುರಾಣಗಳು ಹೇಳುತ್ತವೆ. ಲಿಪಿ ಮತ್ತು ಗಣಿತಗಳು ಇಲ್ಲಿ ಒಬ್ಬನೇ ತಂದೆಯಿಂದ ಒಂದೇ ಮನೆಯಲ್ಲಿ ಕಲಿತ ಅಕ್ಕತಂಗಿಯರ ವಿದ್ಯೆಗಳು. ಅಲ್ಲದೆ ಮೊದಲ ವಿದ್ಯಾರ್ಥಿಗಳು ಹೆಣ್ಣುಮಕ್ಕಳೆಂಬುದನ್ನೂ ಮರೆಯಲಾಗದು.

ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಆರಂಭದಲ್ಲಿ ಗಣಿತದ ಪ್ರಯೋಜನವನ್ನು ಹೇಳುವಾಗ ಅವರು ವ್ಯಾಪಾರವನ್ನೋ ಜ್ಯೋತಿಷವನ್ನೋ ಮಾತ್ರ ಹೆಸರಿಸುವುದಿಲ್ಲ. ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಕಾವ್ಯ, ತರ್ಕ, ವ್ಯಾಕರಣ, ಹೀಗೆ ಎಲ್ಲೆಡೆಯೂ ಗಣಿತವು ವ್ಯಾಪಿಸಿದೆಯೆಂದು ಪಟ್ಟಿ ಮಾಡುತ್ತಾರೆ. ಅಡಿಗೆಯಲ್ಲಿ ಉಪ್ಪಿನ ಪ್ರಮಾಣ, ಔಷಧದಲ್ಲಿ ಮೂಲಿಕೆಯ ತೂಕ, ತಾಳದಲ್ಲಿ ಮಾತ್ರೆ, ಪದ್ಯದಲ್ಲಿ ಗಣ, ಇವೆಲ್ಲವೂ ಎಣಿಕೆಯೇ ಎಂಬುದನ್ನು ಅರಿತವನಿಗೆ ಗಣಿತವು ಭಯದ ವಿಷಯವಾಗಲಾರದು. ಅದೇ ಗ್ರಂಥದಲ್ಲಿ ನೆರಳಿನ ಅಳತೆಯಿಂದ ಲೆಕ್ಕ ಮಾಡುವ ಛಾಯಾವ್ಯವಹಾರವೂ ಇದೆ; ಬಡ್ಡಿಯ ಲೆಕ್ಕವೂ ಇದೆ.

ವಿಜಯನಗರದ ಆರಂಭದ ಕಾಲದಲ್ಲಿಯೇ, ಕ್ರಿ.ಶ. ಸುಮಾರು 1360ರಲ್ಲಿ, ಜೈನಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ಬರೆದನು. ಅದು ವಿಷವೈದ್ಯವನ್ನು ಪದ್ಯದಲ್ಲಿ ಹೇಳುವ ಕೃತಿ. ಹಾವು ಕಡಿದವನನ್ನು ಉಳಿಸಬೇಕಾದ ತಿಳಿವಳಿಕೆ ಸಂಸ್ಕೃತ ಬಲ್ಲ ಕೆಲವರ ಸೊತ್ತಾಗಿ ಉಳಿಯದೆ, ಕನ್ನಡದ ಕಂದ ವೃತ್ತಗಳಲ್ಲಿ ಸಾಗಿಬಂತು. ಛಂದಸ್ಸಿನಲ್ಲಿದ್ದುದರಿಂದ ಬಾಯಿಪಾಠಕ್ಕೆ ಸುಲಭವಾಯಿತು. ಔಷಧದಾನಕ್ಕೆ ಶಾಸ್ತ್ರದಾನವು ಜೊತೆಗೂಡಿದ ಪರಿ ಇದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ.

ಕೆರೆಯ ಹನ್ನೆರಡು ಅಂಗಗಳು

ಒಂದು ವಿದ್ಯೆಯಿಂದ ಮಾತ್ರ ಆಗದ ಕಾರ್ಯಕ್ಕೆ ಕೆರೆಗಿಂತ ಉತ್ತಮ ನಿದರ್ಶನವಿಲ್ಲ. ಒಂದನೆಯ ಬುಕ್ಕನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಧರ್ಮಿಷ್ಠನಾದ ಅರಸ, ಜಲಶಾಸ್ತ್ರ ಬಲ್ಲ ಪಂಡಿತ, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲಿ ಉದ್ದವಾದ ಕಲ್ಲು ದೊರೆಯುವ ಗಣಿ, ಕಟ್ಟುವ ಕೆಲಸದಲ್ಲಿ ನುರಿತ ಆಳುಗಳ ತಂಡ, ಇವೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ. ಅರಸನೂ ಒಂದು ಅಂಗ, ಆಳೂ ಒಂದು ಅಂಗ. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು ಇವುಗಳ ಜೊತೆಗೆ, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವೆಂದು ಎಣಿಸಲಾಗಿದೆ. ಮಣ್ಣಿನ ಗುಣವನ್ನು ಬಲ್ಲವನು ಮನುಷ್ಯರ ಗುಣವನ್ನೂ ಬಲ್ಲವನಾಗಿದ್ದನೆಂಬುದು ಇದರಿಂದ ವಿದಿತವಾಗುತ್ತದೆ. ಈ ಕೆರೆಯನ್ನು ಕಟ್ಟಲು ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುವೆಂದು ಶಾಸನ ಲೆಕ್ಕ ಕೊಡುತ್ತದೆ. 1388ರಲ್ಲಿ ಪೆನುಕೊಂಡೆಗೆ ಹೆನ್ನೆ ನದಿಯ ನೀರನ್ನು ಕಾಲುವೆಯಲ್ಲಿ ತಂದ ಜಲಸೂತ್ರಜ್ಞ ಸಿಂಗಾಯಭಟ್ಟನ ಹೆಸರನ್ನೂ ಕಲ್ಲು ಉಳಿಸಿಕೊಂಡಿದೆ.

ಕಂಪ್ಲಿಯ ರೈತರಿಗೆ ಇದು ಪುರಾತನ ಕಥೆಯಲ್ಲ. ವಿಜಯನಗರ ಕಾಲದ ಕಾಲುವೆಗಳ ಸಾಲಿನಲ್ಲಿ ಕಂಪ್ಲಿ ಕಾಲುವೆಯೂ ಒಂದು. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಗಿ, ತುಂಬಿದ ಜಲಾಶಯದ ನೀರು ಹೊಳೆಯ ಪಾಲಾಗುತ್ತಿದ್ದಾಗ, ನದಿಯನ್ನು ನಂಬಿದವರೆಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ವಯೋವೃದ್ಧ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ, ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರನ್ನು ತಡೆಯಲಾಯಿತು. ಲೆಕ್ಕ ಹಾಕಿದವರು, ಹಲಗೆಗಳನ್ನು ಬೆಸೆದವರು, ಕ್ರೇನು ನಡೆಸಿದವರು, ಪ್ರಾಣವನ್ನು ಪಣಕ್ಕಿಟ್ಟು ಗೇಟಿನ ಬಳಿ ಇಳಿದವರು, ಇವರಲ್ಲಿ ಒಬ್ಬರು ಇಲ್ಲದಿದ್ದರೂ ಕಾರ್ಯ ಸಾಗುತ್ತಿರಲಿಲ್ಲ. ಆರು ಶತಮಾನಗಳ ಹಿಂದಿನ ಶಾಸನದ ಪಟ್ಟಿ ಮತ್ತೊಮ್ಮೆ ನಿಜವಾಯಿತು.

ಮನೆಗೊಂದು ಹಣ

ಸೃಜನಶೀಲತೆಯೆಂದರೆ ಚಿತ್ರ, ಹಾಡು, ಕಾವ್ಯಗಳು ಮಾತ್ರವೆಂದು ಭಾವಿಸುವುದು ವಾಡಿಕೆ. ಸಮಾಜದ ಕಲಹಕ್ಕೆ ಹೊಸ ಪರಿಹಾರವನ್ನು ಕಂಡುಹಿಡಿಯುವುದೂ ಸೃಷ್ಟಿಯೇ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ, ಆನೆಗೊಂದಿಯೇ ಮೊದಲಾದ ಪಟ್ಟಣಗಳ ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಅರಸನು ಒಪ್ಪಂದ ಮಾಡಿಸಿದನು. ಇದು ಎಲ್ಲರೂ ಬಲ್ಲ ಸಂಗತಿ. ಶಾಸನದ ಮುಂದಿನ ಭಾಗವನ್ನು ಗಮನಿಸುವವರು ಕಡಿಮೆ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ಆ ಮೊತ್ತದಿಂದ ಬೆಳ್ಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸತಕ್ಕದ್ದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹಚ್ಚಿಸತಕ್ಕದ್ದು. ಇದರ ಮೇಲ್ವಿಚಾರಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವನಿಗೆ ವಹಿಸಲಾಯಿತು.

ಇದನ್ನು ಲೆಕ್ಕದ ದೃಷ್ಟಿಯಿಂದ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ತೆರಿಗೆ ಸಮಾನವಾದದ್ದು, ವೆಚ್ಚದ ಉದ್ದೇಶ ಸ್ಪಷ್ಟ, ಉಳಿಕೆಯ ವಿನಿಯೋಗವೂ ಮೊದಲೇ ನಿರ್ಧಾರವಾಗಿದೆ. ನಿನ್ನೆಯವರೆಗೆ ಎದುರಾಳಿಯಾಗಿದ್ದ ಪಕ್ಷದವನನ್ನೇ ನಿಧಿಯ ಪಾಲಕನನ್ನಾಗಿ ಮಾಡಿದುದರಲ್ಲಿ ನೀತಿಶಾಸ್ತ್ರ, ಅರ್ಥಶಾಸ್ತ್ರ, ಮನುಷ್ಯ ಸ್ವಭಾವದ ಅರಿವು ಮೂರೂ ಕೂಡಿವೆ. ಈ ಶಾಂತಿಯ ನೆಲದಲ್ಲಿಯೇ ಹದಿನೆಂಟು ವರ್ಷಗಳೊಳಗೆ ಗಾಣಗಿತ್ತಿ ಬಸದಿ ಎದ್ದುದು. 1426ರಲ್ಲಿ ಎರಡನೆಯ ದೇವರಾಯನು ರಾಜಧಾನಿಯ ಪಾನಸುಪಾರಿ ಬೀದಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದುದು.

ಎರಡು ಪ್ರಶ್ನೆಗಳು

ಇರುಗಪ್ಪನನ್ನು ಹೊಗಳುವಾಗ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಅಹಿಂಸಾಣುವ್ರತವನ್ನು ಪಾಲಿಸಬೇಕಾದ ಶ್ರಾವಕನು ದಂಡನಾಯಕನಾಗಿ ಯುದ್ಧ ಮಾಡಿದುದು ಹೇಗೆ ಸರಿ? ಆಚಾರ್ಯರು ಸಂಕಲ್ಪೀ ಹಿಂಸೆಯನ್ನು ಗೃಹಸ್ಥನಿಗೆ ಸರ್ವಥಾ ನಿಷೇಧಿಸಿ, ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಬೇರೆಯಾಗಿ ಎಣಿಸಿದ್ದಾರೆ. ಆದರೆ ಈ ವಿಂಗಡಣೆಯನ್ನು ಸಮಾಧಾನದ ಹಾಸಿಗೆಯನ್ನಾಗಿ ಮಾಡಿಕೊಳ್ಳಬಾರದು. ಕೌಶಲ್ಯವು ತಾನಾಗಿ ಧರ್ಮವಲ್ಲ. ಹಲವು ವಿದ್ಯೆಗಳನ್ನು ಬಲ್ಲವನು ಹಲವು ಬಗೆಯಲ್ಲಿ ಕೇಡನ್ನೂ ಮಾಡಬಲ್ಲನು. ರಸಾಯನವನ್ನೂ ವ್ಯಾಪಾರವನ್ನೂ ಚೆನ್ನಾಗಿ ಬಲ್ಲವನೇ ಎಣ್ಣೆಯಲ್ಲಿ ಕಲಬೆರಕೆಯನ್ನು ಗುರುತು ಸಿಗದಂತೆ ಮಾಡುವನು. ಆದುದರಿಂದ ವಿದ್ಯೆಗಳನ್ನು ಕೂಡಿಸುವ ಶಿಕ್ಷಣದಲ್ಲಿ ವ್ರತಗಳ ವಿಚಾರವೂ ಕೂಡಬೇಕು. ‘ಇದನ್ನು ಹೇಗೆ ಮಾಡಬಹುದು’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಇದರಿಂದ ಯಾವ ಜೀವಕ್ಕೆ ನೋವು’ ಎಂಬ ಪ್ರಶ್ನೆ ಇರಬೇಕು.

ಎರಡನೆಯದು ಹೆಸರಿನ ಪ್ರಶ್ನೆ. ದೀಪಸ್ತಂಭದ 28 ಶ್ಲೋಕಗಳಲ್ಲಿ ಗುರುಗಳ ಹೆಸರುಗಳಿವೆ, ಅರಸನ ಹೆಸರಿದೆ, ಮಂತ್ರಿಯ ಹೆಸರಿದೆ. ಜನರು ಈ ಬಸದಿಯನ್ನು ಕರೆಯುವುದು ಮಾತ್ರ ಅವರಾರ ಹೆಸರಿನಿಂದಲೂ ಅಲ್ಲ, ಗಾಣಗಿತ್ತಿಯ ಹೆಸರಿನಿಂದ. ಗಾಣದಲ್ಲಿ ಎಣ್ಣೆ ತೆಗೆಯುವ ಹೆಣ್ಣುಮಗಳೊಬ್ಬಳನ್ನು ಶಾಸನವು ಎಲ್ಲಿಯೂ ಉಲ್ಲೇಖಿಸುವುದಿಲ್ಲ. ಕುಂಥು ಜಿನನಾಥನ ಚೈತ್ಯಾಲಯವೆಂಬ ಹೆಸರು ಗ್ರಂಥಗಳಲ್ಲಿ ಉಳಿಯಿತು. ಊರವರ ಬಾಯಲ್ಲಿ ಉಳಿದದ್ದು ಗಾಣಗಿತ್ತಿ. ದೀಪಸ್ತಂಭವನ್ನು ನಿಲ್ಲಿಸಿದವನ ಕೀರ್ತಿ ಕಲ್ಲಿನ ಮೇಲಿದ್ದರೂ, ದೀಪಕ್ಕೆ ಎಣ್ಣೆ ಬೇಕೆಂಬುದನ್ನು ಜನರ ನೆನಪು ಬಿಟ್ಟುಕೊಡಲಿಲ್ಲವೋ ಎಂಬಂತಿದೆ. ಸ್ತಂಭವನ್ನು ಕಡೆದವನ ಹೆಸರಂತೂ ಕಲ್ಲಿನಲ್ಲಿಯೂ ಇಲ್ಲ, ಬಾಯಿಯಲ್ಲಿಯೂ ಇಲ್ಲ. ಇಂದಿನ ಬಸದಿಗಳ ಗೋಡೆಗಳಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕಗಳಿಗೆ ಕೊರತೆಯಿಲ್ಲ. ಅವುಗಳ ಪಕ್ಕದಲ್ಲಿ ಶಿಲ್ಪಿಯ, ಗಾರೆಯವನ, ಬಣ್ಣದವನ ಹೆಸರನ್ನು ಕೆತ್ತಿಸಿದ ಫಲಕಗಳು ಎಷ್ಟಿವೆ? ಕೊಟ್ಟವನನ್ನು ಮಾತ್ರ ಗೌರವಿಸಿ ಮಾಡಿದವನನ್ನು ಮರೆಯುವ ಸಮಾಜದಲ್ಲಿ ಮಕ್ಕಳು ಕೊಡುವವರಾಗಲು ಬಯಸುವರೇ ಹೊರತು ಮಾಡುವವರಾಗಲು ಬಯಸರು.

ಇಂದು ಆಗಬೇಕಾದುದು

1991ರಲ್ಲಿ ಹಂಪೆಯ ಬಳಿ ಕನ್ನಡ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಕವಿಯೂ ನಾಟಕಕಾರರೂ ಜಾನಪದ ವಿದ್ವಾಂಸರೂ ಆದ ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿಗಳು. ಭಾಷೆ, ಶಾಸನ, ಹಸ್ತಪ್ರತಿ, ಬುಡಕಟ್ಟುಗಳ ಬದುಕು, ದೃಶ್ಯಕಲೆ ಇವು ಒಂದೇ ಆವರಣದಲ್ಲಿ ಅಧ್ಯಯನಕ್ಕೆ ಬಂದುದು ಈ ಸೀಮೆಯ ಪರಂಪರೆಗೆ ಅನುಗುಣವಾಗಿಯೇ ಇದೆ. ಆದರೆ ಇಂತಹ ಕಾರ್ಯವನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಒಪ್ಪಿಸಿ ಸಮಾಜವು ಸುಮ್ಮನಿರಲಾಗದು. ಬೀಜ ಬಿತ್ತಬೇಕಾದುದು ಶಾಲೆಯಲ್ಲಿ, ಮನೆಯಲ್ಲಿ, ಬಸದಿಯ ಪಾಠಶಾಲೆಯಲ್ಲಿ.

ಅದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಕಂಪ್ಲಿಯ ಅಥವಾ ಹೊಸಪೇಟೆಯ ಒಂದು ತರಗತಿಯ ಮಕ್ಕಳನ್ನು ಗಾಣಗಿತ್ತಿ ಬಸದಿಗೆ ಒಂದು ದಿನ ಕರೆದೊಯ್ದರೆ ಸಾಕು. ನೆಟ್ಟ ಕೋಲಿನ ನೆರಳಿನಿಂದ ಸ್ತಂಭದ ಎತ್ತರವನ್ನು ಕಂಡುಹಿಡಿಯುವುದು ಗಣಿತದ ಪಾಠ. ಮಹಾವೀರಾಚಾರ್ಯರ ಛಾಯಾವ್ಯವಹಾರವೂ ಹೌದು. ಶ್ಲೋಕದ ಗುರುಲಘುಗಳನ್ನು ಎಣಿಸುವುದು ಭಾಷೆಯ ಪಾಠ. ಈ ಕಲ್ಲು ಎಲ್ಲಿಂದ ಬಂತು, ಇದನ್ನು ಹೇಗೆ ಸೀಳಿದರು ಎಂಬುದು ವಿಜ್ಞಾನ. ಹೇಮಕೂಟದ ಶಿಖರದೊಡನೆ ಇದನ್ನು ಹೋಲಿಸಿ ಚಿತ್ರ ಬರೆಯುವುದು ಕಲೆ. ಮನೆಗೊಂದು ಹಣವೆಂಬ ನಿಯಮದಂತೆ ತಮ್ಮೂರಿನ ನಿಧಿಯ ಆಯವ್ಯಯವನ್ನು ಬರೆದು ನೋಡುವುದು ವಾಣಿಜ್ಯ. ಗಾಣಗಿತ್ತಿಯ ವಿಷಯದಲ್ಲಿ ಅಜ್ಜಿಯರನ್ನು ಕೇಳಿ ಕಥೆಗಳನ್ನು ಬರೆದುಕೊಳ್ಳುವುದು ಇತಿಹಾಸ. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದಾಗ ಹಂಪೆ ಅದಕ್ಕೆ ಸೇರಿತು, ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿಯಿತು. ಕಾಗದದ ಮೇಲಿನ ಗಡಿಯನ್ನು ರಸ್ತೆಯೂ ಕಾಲುವೆಯೂ ದಾಟುವಂತೆ, ಮಕ್ಕಳ ಮನಸ್ಸೂ ವಿಷಯಗಳ ಗಡಿಯನ್ನು ದಾಟಬಲ್ಲದು.

ವ್ಯಾಪಾರಿಯ ಮಗನು ಲೆಕ್ಕದ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆದರೆ ಗದರುವ ತಂದೆಗಳು ಇಂದಿಗೂ ಉಂಟು. ಗದರುವ ಮುನ್ನ ಅವರು ಒಮ್ಮೆ ಕಂಪ್ಲಿ ರಸ್ತೆಯ ಆ ಸ್ತಂಭವನ್ನು ನೆನೆಯುವುದು ಒಳಿತು. ಸೇನೆಯ ಲೆಕ್ಕ, ರಾಜ್ಯದ ಲೆಕ್ಕಗಳ ನಡುವೆ ಶಬ್ದಗಳ ಅರ್ಥಗಳನ್ನು ಹುಡುಕುತ್ತಿದ್ದ ಮಂತ್ರಿಯೊಬ್ಬನನ್ನು ಅವನ ತಂದೆ ಚೈಚ ದಂಡನಾಥನು ತಡೆಯಲಿಲ್ಲ. ತಡೆದಿದ್ದರೆ ವಿಜಯನಗರಕ್ಕೆ ಒಬ್ಬ ದಂಡನಾಯಕ ಹೇಗೂ ದೊರೆಯುತ್ತಿದ್ದನು. ಶಾಸ್ತ್ರಭಂಡಾರಕ್ಕೆ ಮಾತ್ರ ಒಂದು ನಿಘಂಟು ಇಲ್ಲವಾಗುತ್ತಿತ್ತು.